ಮಯಾಮಿ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ಪಂಗಡವೂ ನೆರೆನಗರದ ಆಟಗಾರರೂ

೧

ಅಮೆರಿಕದ ಸಂಯುಕ್ತ ಸಂಸ್ಥಾನಗಳ ವಿಶ್ವವಿದ್ಯಾನಿಲಯಗಳ ಚರಿತ್ರೆಯನ್ನು ಬರೆಯಹೊರಟವರು ಅಲ್ಲಿನ ಫುಟ್‌ಬಾಲ್ ಪಂಗಡಗಳ ಚರಿತ್ರೆಯನ್ನು ಬಿಟ್ಟು ಬರೆಯಲಾರರು. ಆ ದೇಶದಲ್ಲಿ ಫುಟ್‌ಬಾಲ್ ಎನಿಸಿಕೊಳ್ಳುವುದು ಉಳಿದ ಲೋಕವು ಬಲ್ಲ ಕಾಲ್ಚೆಂಡಿನಾಟವಲ್ಲ. ಒಂದೊಂದು ಕಡೆಗೆ ಹನ್ನೊಂದು ಮಂದಿ ನಿಂತು, ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಲೂ ಎಸೆಯುತ್ತಲೂ ನೂರು ಗಜದ ಬಯಲಿನಲ್ಲಿ ಗಜಗಜವಾಗಿ ನೆಲವನ್ನು ಗೆಲ್ಲುವ ಆಟ. ಈ ಆಟಕ್ಕೆ ತಕ್ಕ ಯುವಕರನ್ನು ಪ್ರೌಢಶಾಲೆಗಳಲ್ಲಿಯೇ ಗುರುತಿಸಿ, ಅವರ ಮನೆಗಳಿಗೆ ಹೋಗಿ, ತಾಯಿತಂದೆಗಳನ್ನು ಒಲಿಸಿ, ಬೋಧನಶುಲ್ಕ ಊಟ ವಸತಿಗಳನ್ನು ವಿದ್ಯಾರ್ಥಿವೇತನದ ರೂಪದಲ್ಲಿ ಕೊಟ್ಟು ಕರೆತರುವ ಪದ್ಧತಿಗೆ ಅಲ್ಲಿ ರಿಕ್ರೂಟಿಂಗ್ ಎಂದು ಹೆಸರು. ಸೈನ್ಯಕ್ಕೆ ಭಟರನ್ನು ಸೇರಿಸುವುದಕ್ಕೂ ಅದೇ ಶಬ್ದವೆಂಬುದು ಗಮನಿಸತಕ್ಕ ಅಂಶ.

ಹೀಗೆ ಆಟಗಾರರನ್ನು ಕೂಡಿಸುವ ವಿದ್ಯಾಸಂಸ್ಥೆಗಳಿಗೂ ಅವುಗಳ ಸಮೀಪದ ಮಹಾನಗರಗಳಿಗೂ ಇರುವ ಸಂಬಂಧವನ್ನು ವಿಚಾರಿಸುವುದಕ್ಕೆ ಫ್ಲಾರಿಡಾ ಸಂಸ್ಥಾನದ ಮಯಾಮಿ ವಿಶ್ವವಿದ್ಯಾನಿಲಯವು ಒಳ್ಳೆಯ ನಿದರ್ಶನ. ಅದರ ವಿಷಯದಲ್ಲಿ ಪ್ರಚಲಿತವಾಗಿರುವ ಕಥೆ ಸಂಕ್ಷೇಪವಾಗಿ ಹೀಗಿದೆ: ೧೯೭೦ರ ದಶಕದಲ್ಲಿ ಆ ಪಂಗಡವು ಅಳಿವಿನ ಅಂಚಿಗೆ ಬಂದಿತ್ತು, ೧೯೭೯ರಲ್ಲಿ ಹೋವರ್ಡ್ ಷ್ನೆಲೆನ್‌ಬರ್ಗರ್ ಎಂಬಾತನು ಮುಖ್ಯ ಶಿಕ್ಷಕನಾಗಿ ಬಂದು, ದೂರದೇಶಗಳಲ್ಲಿ ಹುಡುಕುವುದನ್ನು ಬಿಟ್ಟು ತನ್ನ ಅಂಗಳದಲ್ಲಿಯೇ ಬೆಳೆದಿದ್ದ ಹುಡುಗರನ್ನು ಕೂಡಿಸಿದನು, ಐದನೆಯ ವರ್ಷದಲ್ಲಿ ಪಂಗಡವು ರಾಷ್ಟ್ರದಲ್ಲಿ ಅಗ್ರಸ್ಥಾನವನ್ನು ಪಡೆಯಿತು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಸುಳ್ಳುಮಾಡಿದ ಕಥೆಯಿದು. ಕಥೆಯಲ್ಲಿ ಅಸತ್ಯವಿಲ್ಲ. ಆದರೆ ಹಿತ್ತಲ ಗಿಡವು ಐವತ್ತು ವರ್ಷಗಳ ಕಾಲ ಮದ್ದಾಗದೆ ಇದ್ದುದೇಕೆಂಬ ಪ್ರಶ್ನೆಯನ್ನು ಅದು ಕೇಳುವುದಿಲ್ಲ.

೨

ಮಯಾಮಿ ನಗರವು ಪುರಸಭೆಯಾಗಿ ಸ್ಥಾಪಿತವಾದುದು ೧೮೯೬ರಲ್ಲಿ, ರೈಲುದಾರಿ ಅಲ್ಲಿಯವರೆಗೆ ಬಂದ ವರ್ಷದಲ್ಲಿಯೇ. ಆ ದಾರಿಯನ್ನು ಹಾಕಿದ ಕೂಲಿಕಾರರಲ್ಲಿ ಕೃಷ್ಣವರ್ಣೀಯರು ಬಹುಮಂದಿ. ಪುರಸಭೆಯ ಸ್ಥಾಪನೆಗೆ ಬೇಕಾದ ಮತಗಳಲ್ಲಿ ಗಣನೀಯವಾದ ಭಾಗವು ಅವರದೇ ಆಗಿತ್ತು. ಸ್ಥಾಪನೆಯಾದ ಬಳಿಕ ಅವರಿಗೆ ವಾಸಕ್ಕಾಗಿ ರೈಲುದಾರಿಯ ಪಕ್ಕದ ಒಂದು ಭಾಗವು ನಿಗದಿಯಾಯಿತು. ಇಂದು ಓವರ್‌ಟೌನ್ ಎಂದು ಕರೆಯುವ ಕೇರಿ ಅದೇ. ಬಹಾಮ ದ್ವೀಪಗಳಿಂದ ಬಂದು ನೆಲಸಿದವರ ಮತ್ತೊಂದು ಕೇರಿ ಕೋಕನಟ್ ಗ್ರೋವ್‌ನಲ್ಲಿ ಬೆಳೆಯಿತು. ೧೯೩೭ರಲ್ಲಿ ಲಿಬರ್ಟಿ ಸ್ಕ್ವೇರ್ ಎಂಬ ಸರ್ಕಾರಿ ವಸತಿಗಳು ಕಟ್ಟಲ್ಪಟ್ಟು, ಅದರ ಸುತ್ತ ಲಿಬರ್ಟಿ ಸಿಟಿ ಎಂಬ ಮೂರನೆಯ ಕೇರಿ ಹಬ್ಬಿತು. ೧೯೬೦ರ ದಶಕದಲ್ಲಿ ಹೆದ್ದಾರಿಯೊಂದು ಓವರ್‌ಟೌನನ್ನು ಸೀಳಿಕೊಂಡು ಹೋದಾಗ ಮನೆ ಕಳೆದುಕೊಂಡ ಸಹಸ್ರಾರು ಮಂದಿಯಲ್ಲಿ ಬಹುಪಾಲು ಜನ ಈ ಮೂರನೆಯ ಕೇರಿಯನ್ನೇ ಸೇರಿದರು.

ವಿಶ್ವವಿದ್ಯಾನಿಲಯವಾದರೋ ಕೋರಲ್ ಗೇಬಲ್ಸ್ ಎಂಬ ಬೇರೆ ಪುರದಲ್ಲಿ ಹುಟ್ಟಿತು. ಜಾರ್ಜ್ ಮೆರಿಕ್ ಎಂಬ ಭೂವ್ಯಾಪಾರಿ ತಾನು ನಿರ್ಮಿಸುತ್ತಿದ್ದ ಈ ಹೊಸ ಪುರಕ್ಕೆ ಭೂಷಣವಾಗಿರಲೆಂದು ೧೬೦ ಎಕರೆ ನೆಲವನ್ನು ಕೊಟ್ಟನು. ೧೯೨೫ರಲ್ಲಿ ಸನ್ನದು ದೊರೆಯಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಭೀಕರವಾದ ಚಂಡಮಾರುತವೊಂದು ನಗರವನ್ನು ಹಾಳುಗೆಡವಿತು. ಆದರೂ ಅಕ್ಟೋಬರಿನಲ್ಲಿ, ಪೂರ್ತಿಯಾಗದ ಒಂದು ಹೋಟೆಲ್ ಕಟ್ಟಡದಲ್ಲಿ, ತೆಳ್ಳಗಿನ ತಡಿಕೆಗಳನ್ನು ನಿಲ್ಲಿಸಿ, ಪಾಠಗಳು ಮೊದಲಾದುವು. ರಟ್ಟಿನ ಕಾಲೇಜು ಎಂಬ ಅಡ್ಡಹೆಸರು ಈ ಕಾರಣದಿಂದ ಬಂದುದು. ಫುಟ್‌ಬಾಲ್ ಪಂಗಡವೂ ಆ ವರ್ಷವೇ ಏರ್ಪಟ್ಟಿತು. ಅದರ ಹೆಸರು ಹರಿಕೇನ್ಸ್, ಎಂದರೆ ಚಂಡಮಾರುತಗಳು.

ವಿಶ್ವವಿದ್ಯಾನಿಲಯದಿಂದ ಮೇಲೆ ಹೇಳಿದ ಮೂರು ಕೇರಿಗಳಲ್ಲಿ ಯಾವುದಕ್ಕೂ ಸುಮಾರು ಹತ್ತು ಮೈಲಿಗಿಂತ ಹೆಚ್ಚಿನ ದೂರವಿಲ್ಲ. ಕೋಕನಟ್ ಗ್ರೋವ್ ಅಂತೂ ಕೋರಲ್ ಗೇಬಲ್ಸಿನ ಎಲ್ಲೆಗೇ ಅಂಟಿಕೊಂಡಿದೆ. ಈ ಸಾಮೀಪ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಸಂಗತಿಗಳನ್ನು ಪರಿಶೀಲಿಸಬೇಕು.

೩

೧೮೮೫ರ ಫ್ಲಾರಿಡಾ ರಾಜ್ಯಾಂಗವು ಶ್ವೇತವರ್ಣೀಯರ ಮಕ್ಕಳಿಗೂ ಕೃಷ್ಣವರ್ಣೀಯರ ಮಕ್ಕಳಿಗೂ ಒಂದೇ ಶಾಲೆಯಲ್ಲಿ ಪಾಠ ಹೇಳಕೂಡದೆಂದು ವಿಧಿಸಿತ್ತು. ಖಾಸಗಿ ಸಂಸ್ಥೆಯಾದ ಮಯಾಮಿ ವಿಶ್ವವಿದ್ಯಾನಿಲಯವೂ ಈ ಕಟ್ಟಳೆಗೆ ಒಳಪಟ್ಟೇ ನಡೆಯಿತು. ಆಟದ ಬಯಲಿಗೂ ಈ ನಿಷೇಧವು ವ್ಯಾಪಿಸಿತ್ತೆಂಬುದಕ್ಕೆ ೧೯೪೬ರ ಪ್ರಸಂಗವೇ ಸಾಕ್ಷಿ. ಆ ವರ್ಷದ ನವೆಂಬರಿನಲ್ಲಿ ಪೆನ್ಸಿಲ್ವೇನಿಯಾ ಸಂಸ್ಥಾನದ ಪೆನ್ ಸ್ಟೇಟ್ ಪಂಗಡವು ಮಯಾಮಿಗೆ ಬಂದು ಆಡಬೇಕಾಗಿತ್ತು. ಆ ಪಂಗಡದಲ್ಲಿ ವಾಲಿ ಟ್ರಿಪ್ಲೆಟ್, ಡೆನಿಸ್ ಹೊಗಾರ್ಡ್ ಎಂಬ ಇಬ್ಬರು ಕೃಷ್ಣವರ್ಣೀಯರಿದ್ದರು. ಅವರನ್ನು ಕರೆತರುವುದಕ್ಕೆ ಮಯಾಮಿಯವರು ಒಪ್ಪಲಿಲ್ಲ. ಅವರನ್ನು ಬಿಟ್ಟು ಬರುವುದಕ್ಕೆ ಪೆನ್ ಸ್ಟೇಟ್‌ನ ಆಟಗಾರರು ಒಪ್ಪಲಿಲ್ಲ. ಆಟವು ನಿಂತುಹೋಯಿತು. ಅತಿಥಿಗಳಾಗಿ ಒಂದು ದಿನ ಬಂದು ಹೋಗುವವರಿಗೇ ಇಲ್ಲದ ಎಡೆಯು ನೆರೆಯ ಕೇರಿಯ ಹುಡುಗರಿಗೆ ಎಲ್ಲಿಂದ ಬರಬೇಕು?

ಆದರೆ ಆ ಹುಡುಗರು ಆಡದೆ ಇರಲಿಲ್ಲ. ೧೯೨೭ರಲ್ಲಿ ಓವರ್‌ಟೌನಿನಲ್ಲಿ ಬುಕರ್ ಟಿ. ವಾಷಿಂಗ್ಟನ್ ಪ್ರೌಢಶಾಲೆಯೂ, ೧೯೫೫ರಲ್ಲಿ ಲಿಬರ್ಟಿ ಸಿಟಿಯಲ್ಲಿ ಮಯಾಮಿ ನಾರ್ತ್‌ವೆಸ್ಟರ್ನ್ ಪ್ರೌಢಶಾಲೆಯೂ ತೆರೆಯಲ್ಪಟ್ಟುವು. ಇಲ್ಲಿ ಬೆಳೆದ ಆಟಗಾರರನ್ನು ಅರಸಿ ಬರುವವರೂ ಇದ್ದರು. ಬರುತ್ತಿದ್ದುದು ಹತ್ತು ಮೈಲಿಯಿಂದಲ್ಲ, ನೂರಾರು ಮೈಲಿಗಳಿಂದ. ಟಾಲಹಾಸಿಯಲ್ಲಿರುವ ಫ್ಲಾರಿಡಾ ಎ. ಅಂಡ್ ಎಂ. ಎಂಬುದು ಕೃಷ್ಣವರ್ಣೀಯರಿಗಾಗಿಯೇ ಸ್ಥಾಪಿತವಾದ ವಿದ್ಯಾಸಂಸ್ಥೆ. ಮಯಾಮಿಯಿಂದ ಅಲ್ಲಿಗೆ ಸುಮಾರು ೪೮೦ ಮೈಲಿ. ೧೯೪೫ರಿಂದ ೧೯೬೯ರವರೆಗೆ ಅಲ್ಲಿನ ಪಂಗಡಕ್ಕೆ ಮುಖ್ಯ ಶಿಕ್ಷಕನಾಗಿದ್ದ ಜೇಕ್ ಗೇದರ್ ೨೦೩ ಆಟಗಳನ್ನು ಗೆದ್ದು ೩೬ರಲ್ಲಿ ಮಾತ್ರ ಸೋತವನು. ಆ ಪಂಗಡದ ವಾರ್ಷಿಕೋತ್ಸವದಂತಿದ್ದ ಆರೆಂಜ್ ಬ್ಲಾಸಮ್ ಕ್ಲಾಸಿಕ್ ಎಂಬ ಆಟವು ೧೯೪೭ರಿಂದ ೧೯೭೮ರವರೆಗೆ ನಡೆದುದು ಮಯಾಮಿಯಲ್ಲಿಯೇ, ಆರೆಂಜ್ ಬೌಲ್ ಎಂಬ ಮಹಾಕ್ರೀಡಾಂಗಣದಲ್ಲಿ. ಮಯಾಮಿ ವಿಶ್ವವಿದ್ಯಾನಿಲಯದ ಪಂಗಡವು ಆಡುತ್ತಿದ್ದುದೂ ಅದೇ ಬಯಲಿನಲ್ಲಿ. ಆ ಕಾಲದ ಬಹುಭಾಗದಲ್ಲಿ, ಓವರ್‌ಟೌನಿನ ಬಾಲಕನು ತಾನು ಆಡಬಹುದಾದ ಪಂಗಡವನ್ನು ವರ್ಷಕ್ಕೊಮ್ಮೆ ಮಾತ್ರ ಆ ಹುಲ್ಲಿನ ಮೇಲೆ ಕಾಣುತ್ತಿದ್ದನು. ಉಳಿದ ದಿನಗಳಲ್ಲಿ ಅಲ್ಲಿ ಆಡುತ್ತಿದ್ದ ಊರಿನ ಪಂಗಡವು ಅವನದಾಗಿರಲಿಲ್ಲ.

ಸ್ಥಾಲೀಪುಲಾಕನ್ಯಾಯದಿಂದ ಒಬ್ಬನ ವೃತ್ತಾಂತವನ್ನು ನೋಡಿದರೆ ಸಾಕು. ಲ್ಯಾರಿ ಲಿಟ್ಲ್ ಎಂಬಾತನು ಓವರ್‌ಟೌನಿನಲ್ಲಿ ಬೆಳೆದು, ಬುಕರ್ ಟಿ. ವಾಷಿಂಗ್ಟನ್ ಶಾಲೆಯಲ್ಲಿ ಓದಿದವನು. ೧೯೬೦ರ ದಶಕದ ನಡುವೆ ಅವನು ಆಡುವುದಕ್ಕೆ ಹೋದುದು ಸುಮಾರು ೨೬೦ ಮೈಲಿ ದೂರದ ಡೇಟೋನಾ ಬೀಚಿನ ಬೆಥೂನ್–ಕುಕ್‌ಮನ್ ಎಂಬ, ಕೃಷ್ಣವರ್ಣೀಯರ ಸಣ್ಣ ಕಾಲೇಜಿಗೆ. ಓದು ಮುಗಿದ ಮೇಲೆ ೧೯೬೭ರಲ್ಲಿ ವೃತ್ತಿಪಂಗಡಗಳ ವಾರ್ಷಿಕ ಆಯ್ಕೆಯಲ್ಲಿ ಅವನನ್ನು ಯಾರೂ ಆರಿಸಲಿಲ್ಲ. ಆಯ್ಕೆಯ ಹೊರಗೆ ಸೇರಿಕೊಂಡು, ೧೯೬೯ರಲ್ಲಿ ಮಯಾಮಿ ಡಾಲ್ಫಿನ್ಸ್ ಎಂಬ ವೃತ್ತಿಪಂಗಡಕ್ಕೆ ಬಂದು, ೧೯೭೨ರಲ್ಲಿ ಒಂದೂ ಸೋಲಿಲ್ಲದೆ ೧೭ ಆಟಗಳನ್ನು ಗೆದ್ದ ಆ ಪಂಗಡಕ್ಕೆ ಆಧಾರಸ್ತಂಭಗಳಲ್ಲಿ ಒಬ್ಬನಾದನು. ೧೯೯೩ರಲ್ಲಿ ಅವನ ಹೆಸರು ವೃತ್ತಿಫುಟ್‌ಬಾಲಿನ ಕೀರ್ತಿಮಂದಿರವನ್ನು ಸೇರಿತು. ಹೀಗೆ ಆ ನಗರದ ಹುಡುಗನು ತನ್ನ ನಗರದಲ್ಲಿಯೇ ಆಡಬೇಕಾದರೆ ಡೇಟೋನಾದ ಮೇಲೂ, ಎರಡು ಸಾವಿರ ಮೈಲಿಗಳಿಗೂ ಆಚೆಯ ಕ್ಯಾಲಿಫೋರ್ನಿಯಾದ ಒಂದು ಪಂಗಡದ ಮೇಲೂ ಬಳಸಿಕೊಂಡು ಬರಬೇಕಾಯಿತು.

೪

ಬಾಗಿಲು ತೆರೆದುದು ಒಂದೇ ಸಲಕ್ಕಲ್ಲ. ೧೯೬೧ರ ಜನವರಿಯಲ್ಲಿ ವಿಶ್ವವಿದ್ಯಾನಿಲಯದ ಧರ್ಮದರ್ಶಿಗಳು ವರ್ಣಭೇದವಿಲ್ಲದೆ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳತಕ್ಕುದೆಂದು ನಿರ್ಣಯಿಸಿದರು. ಫುಟ್‌ಬಾಲ್ ಪಂಗಡಕ್ಕೆ ಈ ನಿರ್ಣಯವು ಮುಟ್ಟುವುದಕ್ಕೆ ಇನ್ನೂ ಸುಮಾರು ಆರು ವರ್ಷ ಹಿಡಿಯಿತು. ೧೯೬೬ರ ಡಿಸೆಂಬರಿನಲ್ಲಿ ಚಾರ್ಲಿ ಟೇಟ್ ಮುಖ್ಯ ಶಿಕ್ಷಕನಾಗಿದ್ದಾಗ ರೇ ಬೆಲ್ಲಮಿ ಎಂಬ ಯುವಕನು ವಿದ್ಯಾರ್ಥಿವೇತನದ ಪತ್ರಕ್ಕೆ ಸಹಿಮಾಡಿದನು. ದಕ್ಷಿಣದ ದೊಡ್ಡ ವಿಶ್ವವಿದ್ಯಾನಿಲಯಗಳಲ್ಲಿ ಹೀಗೆ ಫುಟ್‌ಬಾಲಿಗೆ ಬಂದ ಮೊದಲ ಕೃಷ್ಣವರ್ಣೀಯರಲ್ಲಿ ಇವನೊಬ್ಬನು. ಇವನೂ ಮಯಾಮಿಯವನಲ್ಲ, ಫ್ಲಾರಿಡಾದ ಪಶ್ಚಿಮ ತೀರದ ಪಾಮೆಟ್ಟೋ ಊರಿನವನು. ಅಪಘಾತವೊಂದರಿಂದ ಅವನ ಆಟವು ಬೇಗನೆ ಕೊನೆಗಂಡಿತು. ಆದರೆ ಆ ಬಳಿಕ ಅವನು ವಿದ್ಯಾರ್ಥಿಸಂಘದ ಅಧ್ಯಕ್ಷನಾಗಿ ಚುನಾಯಿತನಾದನು. ಆ ಸ್ಥಾನಕ್ಕೆ ಬಂದ ಕೃಷ್ಣವರ್ಣೀಯರಲ್ಲಿ ಅವನೇ ಮೊದಲಿಗನು.

ಅಲ್ಲಿಂದ ಮುಂದೆ ನೆರೆಹೊರೆಯ ಆಟಗಾರರು ಬರಲೇ ಇಲ್ಲವೆಂದು ಹೇಳಿದರೆ ಅತ್ಯುಕ್ತಿಯಾದೀತು. ಹಯಾಲಿಯಾ ಪ್ರೌಢಶಾಲೆಯ ಟೆಡ್ ಹೆಂಡ್ರಿಕ್ಸ್ ೧೯೬೬ರಿಂದ ೧೯೬೮ರವರೆಗೂ, ವೆಸ್ಟ್ ಪಾಮ್ ಬೀಚಿನ ಕೃಷ್ಣವರ್ಣೀಯ ಯುವಕ ಓಟಿಸ್ ಆಂಡರ್ಸನ್ ೧೯೭೫ರಿಂದ ೧೯೭೮ರವರೆಗೂ ಆಡಿ ಹೆಸರುಗೊಂಡರು. ಆದರೆ ಇವರು ಅಲ್ಲೊಬ್ಬ ಇಲ್ಲೊಬ್ಬರೇ ಹೊರತು, ನಗರವನ್ನೇ ನೆಚ್ಚಿಕೊಂಡ ಯಾವ ಕ್ರಮವೂ ಇರಲಿಲ್ಲ. ಕ್ರಮವಿರುವುದಕ್ಕೆ ಶಿಕ್ಷಕರೇ ನಿಲ್ಲುತ್ತಿರಲಿಲ್ಲ: ೧೯೭೦ರಿಂದ ೧೯೭೯ರೊಳಗೆ ಆ ಪೀಠದಲ್ಲಿ ಏಳು ಮಂದಿ ಕುಳಿತರು. ಹಣದ ಮುಗ್ಗಟ್ಟಿನಿಂದ ಫುಟ್‌ಬಾಲನ್ನೇ ಕೈಬಿಡಬೇಕೆಂಬ ಮಾತು ಆಡಳಿತವರ್ಗದಲ್ಲಿ ಹುಟ್ಟಿತ್ತು.

ಇದೇ ಕಾಲದಲ್ಲಿ ಹೊರಗೆ ಮತ್ತೊಂದು ಬದಲಾವಣೆಯಾಯಿತು. ಕಾಲೇಜುಗಳ ಕ್ರೀಡೆಗಳನ್ನು ನಿಯಮಿಸುವ ರಾಷ್ಟ್ರಸಂಘವು ಒಂದು ಪಂಗಡಕ್ಕೆ ಕೊಡಬಹುದಾದ ವಿದ್ಯಾರ್ಥಿವೇತನಗಳ ಸಂಖ್ಯೆಯನ್ನು ೧೯೭೩ರಲ್ಲಿ ೧೦೫ಕ್ಕೂ ೧೯೭೮ರಲ್ಲಿ ೯೫ಕ್ಕೂ ಮಿತಿಗೊಳಿಸಿತು. ಅದಕ್ಕೆ ಮುಂಚೆ ದೊಡ್ಡ ವಿಶ್ವವಿದ್ಯಾನಿಲಯಗಳು ತಮಗೆ ಬೇಕಾದವರನ್ನಲ್ಲದೆ ಎದುರಾಳಿಗಳಿಗೆ ದೊರೆಯಬಾರದವರನ್ನೂ ಕೂಡಿಹಾಕಿಕೊಳ್ಳಬಹುದಾಗಿತ್ತು. ಮಿತಿ ಬಂದ ಮೇಲೆ ಒಳ್ಳೆಯ ಆಟಗಾರರು ಸಣ್ಣ ಸಂಸ್ಥೆಗಳಿಗೂ ಉಳಿಯತೊಡಗಿದರು. ಹಣವಿಲ್ಲದ ಖಾಸಗಿ ಸಂಸ್ಥೆಗೆ ವಿಮಾನದಲ್ಲಿ ಹೋಗಿ ಹುಡುಕುವುದಕ್ಕಿಂತ ಮೋಟಾರಿನಲ್ಲಿ ಹೋಗಿ ಹುಡುಕುವುದು ಸುಲಭವೆಂಬುದೂ ಸ್ಪಷ್ಟ.

೫

ಷ್ನೆಲೆನ್‌ಬರ್ಗರ್ ಈ ಪೀಠಕ್ಕೆ ಬಂದುದು ಹೀಗೆ ನೆಲ ಹದವಾಗಿದ್ದಾಗ. ಕೆಂಟಕಿಯ ಲೂಯಿವಿಲ್ ನಗರದಲ್ಲಿ ಬೆಳೆದ ಈತನು ೧೯೬೦ರ ದಶಕದ ಮೊದಲರ್ಧದಲ್ಲಿ ಅಲಬಾಮ ವಿಶ್ವವಿದ್ಯಾನಿಲಯದಲ್ಲಿ ಸಹಾಯಕ ಶಿಕ್ಷಕನಾಗಿದ್ದು, ಪೆನ್ಸಿಲ್ವೇನಿಯಾದ ಬೀವರ್ ಫಾಲ್ಸ್ ಊರಿಂದ ಜೋ ನೇಮತ್ ಎಂಬ ಪ್ರಸಿದ್ಧ ಆಟಗಾರನನ್ನು ಒಲಿಸಿ ಕರೆತಂದವನು. ದೂರದಿಂದ ತರುವ ವಿದ್ಯೆಯಲ್ಲಿಯೂ ಪಳಗಿದವನೆಂದಾಯಿತು. ತರುವಾಯ ಮಯಾಮಿ ಡಾಲ್ಫಿನ್ಸ್ ಪಂಗಡದಲ್ಲಿ ಎರಡು ಅವಧಿ ಸಹಾಯಕನಾಗಿದ್ದನು. ಲ್ಯಾರಿ ಲಿಟ್ಲ್ ಆಡಿದ ೧೯೭೨ರ ಅಜೇಯ ಪಂಗಡದಲ್ಲಿ ಆಕ್ರಮಣದ ಆಟವನ್ನು ರೂಪಿಸುತ್ತಿದ್ದವನು ಈತನೇ. ಬೇರೆಡೆಗೆ ಹೋಗಿ ಬೆಳೆದು ಬಂದ ಮಯಾಮಿಯ ಹುಡುಗನು ಎಂಥ ಆಟಗಾರನೆಂಬುದನ್ನು ಈತನು ಹತ್ತಿರದಿಂದ ಕಂಡಿದ್ದನು.

೧೯೭೯ರಲ್ಲಿ ಬಂದೊಡನೆಯೇ ಐದು ವರ್ಷಗಳಲ್ಲಿ ರಾಷ್ಟ್ರಪ್ರಶಸ್ತಿಯನ್ನು ಗೆಲ್ಲುವುದಾಗಿ ಈತನು ಸಾರಿದನು. ಕೇಳಿದವರು ನಂಬಲಿಲ್ಲ. ಟಾಂಪಾದಿಂದ ಓರ್ಲಾಂಡೋ ಮಾರ್ಗವಾಗಿ ಡೇಟೋನಾ ಬೀಚಿನವರೆಗೆ ಫ್ಲಾರಿಡಾವನ್ನು ಅಡ್ಡಲಾಗಿ ಕತ್ತರಿಸುವ ನಾಲ್ಕನೆಯ ಅಂತರಸಂಸ್ಥಾನ ಹೆದ್ದಾರಿಯಿದೆ. ಅದರ ದಕ್ಷಿಣಕ್ಕಿರುವ ನೆಲವೆಲ್ಲ ಬೇರೆಯೊಂದು ಸಂಸ್ಥಾನವೆಂದೂ ಅದರ ಹೆಸರು ಮಯಾಮಿ ಸಂಸ್ಥಾನವೆಂದೂ ಈತನು ಹೇಳತೊಡಗಿದನು. ಈ ಸಂಸ್ಥಾನದ ಒಳ್ಳೆಯ ಆಟಗಾರರು ಎಲ್ಲೆ ದಾಟಿ ಹೋಗಕೂಡದು. ಮೊದಲು ಇಲ್ಲಿಯವರು, ಅನಂತರ ಫ್ಲಾರಿಡಾದ ಉಳಿದ ಭಾಗದವರು, ಆಮೇಲೆ ಇಲ್ಲಿ ದೊರೆಯದ ವಿಶೇಷಕ್ಕಾಗಿ ಮಾತ್ರ ಹೊರನಾಡು. ಈ ಗೆರೆಯ ಪೂರ್ವದ ತುದಿಯು ಲ್ಯಾರಿ ಲಿಟ್ಲ್ ಓದಹೋಗಿದ್ದ ಊರೇ ಆಗಿರುವುದು ಕಾಕತಾಲೀಯ. ಆದರೂ ಅರ್ಥವತ್ತಾದ ಕಾಕತಾಲೀಯ.

ಆಟವನ್ನು ನಡೆಸುವ ಕ್ವಾರ್ಟರ್‌ಬ್ಯಾಕ್ ಸ್ಥಾನಕ್ಕೆ ಹೊರಗಿನವರೇ ಬಂದರು: ಈತನು ಬರುವ ಮೊದಲೇ ಸೇರಿದ್ದ ಪೆನ್ಸಿಲ್ವೇನಿಯಾದ ಜಿಮ್ ಕೆಲ್ಲಿ, ಆಮೇಲೆ ಓಹಾಯೋದ ಬರ್ನಿ ಕೋಸಾರ್. ಆದರೆ ಓಟದ ವೇಗವನ್ನು ಬೇಡುವ ಸ್ಥಾನಗಳಿಗೆ ದಕ್ಷಿಣ ಫ್ಲಾರಿಡಾವೇ ಸಾಕಾಯಿತು. ಮಯಾಮಿಯ ಕೊಲಂಬಸ್ ಪ್ರೌಢಶಾಲೆಯಿಂದ ಅಲಾಂಜೋ ಹೈಸ್ಮಿತ್, ನಾರ್ತ್‌ವೆಸ್ಟರ್ನ್ ಶಾಲೆಯಿಂದ ಮೆಲ್ವಿನ್ ಬ್ರ್ಯಾಟನ್ ಬಂದರು. ಇಮ್ಮೋಕಲಿ ಎಂಬ ಬೇಸಾಯದೂರಿನ ಆಲ್ಬರ್ಟ್ ಬೆಂಟ್ಲಿ ಯಾರೂ ಕರೆಯದೆ, ವಿದ್ಯಾರ್ಥಿವೇತನವೂ ಇಲ್ಲದೆ, ತಾನಾಗಿ ಬಂದು ಪಂಗಡದಲ್ಲಿ ಸ್ಥಾನವನ್ನು ಸಂಪಾದಿಸಿಕೊಂಡನು.

ಈ ಸಂಗ್ರಹಕಾರ್ಯವು ನಡೆದ ಕಾಲವು ಶಾಂತಿಯ ಕಾಲವಾಗಿರಲಿಲ್ಲ. ೧೯೭೯ರ ಡಿಸೆಂಬರಿನಲ್ಲಿ ಆರ್ಥರ್ ಮೆಕ್‌ಡಫಿ ಎಂಬ ಕೃಷ್ಣವರ್ಣೀಯ ಗೃಹಸ್ಥನು ಪೋಲೀಸರ ಹೊಡೆತಗಳಿಂದ ಮೃತನಾದನು. ೧೯೮೦ರ ಮೇ ೧೭ರಂದು ಟಾಂಪಾದಲ್ಲಿ ಶ್ವೇತವರ್ಣೀಯರೇ ತುಂಬಿದ್ದ ಪಂಚಾಯತರು ಆಪಾದಿತರನ್ನು ನಿರ್ದೋಷಿಗಳೆಂದರು. ಅಂದೇ ಲಿಬರ್ಟಿ ಸಿಟಿಯಲ್ಲಿಯೂ ಓವರ್‌ಟೌನಿನಲ್ಲಿಯೂ ದಂಗೆಯೆದ್ದು ೧೮ ಮಂದಿ ಸತ್ತರು, ಬೀದಿಬೀದಿಗಳು ಉರಿದುವು. ಶ್ವೇತವರ್ಣೀಯರು ಕಾಲಿಡಲು ಅಂಜುತ್ತಿದ್ದ ಆ ಬೀದಿಗಳಿಗೆ ವಿಶ್ವವಿದ್ಯಾನಿಲಯದ ಶಿಕ್ಷಕರು ಹೋಗಿ, ಮನೆಗಳಲ್ಲಿ ಕುಳಿತು, ತಾಯಂದಿರೊಡನೆ ಮಾತಾಡಿದರೆಂಬುದು ಆ ಕಾಲದ ಶ್ಲಾಘ್ಯವಾದ ಸಂಗತಿ. ಮಗನು ಹತ್ತಿರದಲ್ಲಿಯೇ ಇರುವನು, ಅವನಾಡುವುದನ್ನು ಆರೆಂಜ್ ಬೌಲಿಗೆ ಹೋಗಿ ನೋಡಬಹುದು ಎಂಬ ಮಾತಿಗಿದ್ದ ಬೆಲೆಯನ್ನು, ಹಿಂದಿನ ತಲೆಮಾರಿನ ಮಕ್ಕಳನ್ನು ಟಾಲಹಾಸಿಗೂ ಡೇಟೋನಾಕ್ಕೂ ಕಳುಹಿಸಿದ್ದ ಕೇರಿಗಳು ಚೆನ್ನಾಗಿ ಅರಿತಿದ್ದುವು.

ಫಲವು ವರ್ಷಕ್ರಮದಲ್ಲಿ ಕಂಡಿತು. ೧೯೭೯ರಲ್ಲಿ ೫ ಗೆಲವು, ೬ ಸೋಲು. ೧೯೮೦ರಲ್ಲಿ ೯ ಗೆಲವು, ೩ ಸೋಲು. ೧೯೮೩ರಲ್ಲಿ ಮೊದಲ ಆಟವನ್ನು ಫ್ಲಾರಿಡಾ ವಿಶ್ವವಿದ್ಯಾನಿಲಯಕ್ಕೆ ಸೋತ ಪಂಗಡವು ಆಮೇಲೆ ಒಂದನ್ನೂ ಸೋಲದೆ, ೧೯೮೪ರ ಜನವರಿ ೨ರಂದು ಆರೆಂಜ್ ಬೌಲಿನಲ್ಲಿ ಅಜೇಯವಾಗಿದ್ದ ನೆಬ್ರಾಸ್ಕ ಪಂಗಡವನ್ನು ಎದುರಿಸಿತು. ಹೈಸ್ಮಿತನೂ ಬೆಂಟ್ಲಿಯೂ ಒಂದೊಂದು ಸಲ ಚೆಂಡನ್ನು ಎಲ್ಲೆ ದಾಟಿಸಿದರು. ಕೊನೆಯ ನಿಮಿಷದಲ್ಲಿ ಸಮತೆಗೆ ತೃಪ್ತಿಪಡದೆ ಗೆಲವಿಗಾಗಿ ನೆಬ್ರಾಸ್ಕದವರು ಎಸೆದ ಚೆಂಡನ್ನು ಕೆನ್ನಿ ಕ್ಯಾಲ್ಹೂನ್ ಕೈಚಾಚಿ ತಟ್ಟಿದನು. ಮಯಾಮಿ ೩೧, ನೆಬ್ರಾಸ್ಕ ೩೦. ಸಾರಿದ ಮಾತು ಐದನೆಯ ಋತುವಿನಲ್ಲಿ ನಿಜವಾಯಿತು.

೬

ಈಗ ಆರಂಭದ ಪ್ರಶ್ನೆಗೆ ಮರಳಬಹುದು. ಪೂರ್ವಪಕ್ಷವೇನೆಂದರೆ: ಇದು ಕಂಠಚಾಮೀಕರನ್ಯಾಯಕ್ಕೆ ಲಕ್ಷ್ಯ, ಕೊರಳಲ್ಲಿಯೇ ಇದ್ದ ಚಿನ್ನದ ಸರವನ್ನು ಮರೆತು ಊರೆಲ್ಲ ಹುಡುಕುತ್ತಿದ್ದವನಿಗೆ ಆಪ್ತನೊಬ್ಬನು ಬೆರಳಿಟ್ಟು ತೋರಿಸಿದಂತೆ, ವಿಶ್ವವಿದ್ಯಾನಿಲಯವು ಮರೆತಿದ್ದುದನ್ನು ಶಿಕ್ಷಕನು ತೋರಿಸಿಕೊಟ್ಟನು.

ಈ ಪಕ್ಷವು ನಿಲ್ಲುವುದಿಲ್ಲ. ಆ ನ್ಯಾಯದಲ್ಲಿ ದೋಷವು ಮರೆವಿನದು. ಮರೆವು ಹೋದರೆ ಸರವು ದೊರೆತಂತೆಯೇ. ಇಲ್ಲಿ ಮರೆವೆಂಬುದೇ ಇರಲಿಲ್ಲ. ಓವರ್‌ಟೌನಿನ ಹುಡುಗರು ಆಡಬಲ್ಲರೆಂಬುದನ್ನು ಮೂವತ್ತೆರಡು ವರ್ಷ ಪ್ರತಿವರ್ಷವೂ ಅದೇ ಕ್ರೀಡಾಂಗಣದಲ್ಲಿ ನಡೆದ ಆಟವು ಊರಿಗೆಲ್ಲ ಸಾರುತ್ತಿತ್ತು. ಕಂಡೂ ಕೊಳ್ಳದಂತೆ ತಡೆದುದು ವಿಧಿನಿಷೇಧ. ಅದನ್ನು ಕಟ್ಟಿದವರು ಮನುಷ್ಯರು, ಬಿಚ್ಚಿದವರೂ ಮನುಷ್ಯರು. ಬಿಚ್ಚಿದವರಲ್ಲಿ ೧೯೪೬ರಲ್ಲಿ ಆಡಲಾರೆವೆಂದ ಪೆನ್ ಸ್ಟೇಟ್‌ನ ಆಟಗಾರರನ್ನೂ, ೧೯೬೧ರ ಧರ್ಮದರ್ಶಿಗಳನ್ನೂ, ಒಂಟಿಯಾಗಿ ಒಳಹೊಕ್ಕ ರೇ ಬೆಲ್ಲಮಿಯನ್ನೂ ಎಣಿಸಬೇಕು. ಷ್ನೆಲೆನ್‌ಬರ್ಗರನ ಹಿರಿಮೆಯು ಇದರಿಂದ ಕುಂದುವುದಿಲ್ಲ. ಅದರ ಸ್ವರೂಪವು ನಿಷ್ಕೃಷ್ಟವಾಗುತ್ತದೆ. ತೆರೆದ ಬಾಗಿಲಿನ ಒಳಗೇ ನಿಂತು ಬರುವವರನ್ನು ಕಾಯುವುದು ಒಂದು. ಆ ಬಾಗಿಲಿನಿಂದ ಹೊರಗೆ ಹೊರಟು ನೆರೆಯವರ ಮನೆಗೆ ಹೋಗುವುದು ಇನ್ನೊಂದು. ಅವನಿಗೆ ಮೊದಲಿದ್ದವರು ಮೊದಲನೆಯದನ್ನು ಮಾಡಿದರು, ಅವನು ಎರಡನೆಯದನ್ನು ಮಾಡಿದನು.

೭

ಉತ್ತರಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಷ್ನೆಲೆನ್‌ಬರ್ಗರನು ೧೯೮೪ರಲ್ಲಿಯೇ, ಮಯಾಮಿಗೆ ಬರಲಿದ್ದ ಒಂದು ಹೊಸ ವೃತ್ತಿಪಂಗಡವನ್ನು ನಂಬಿ ಪೀಠವನ್ನು ಬಿಟ್ಟನು. ಆ ಪಂಗಡವು ಬರಲೇ ಇಲ್ಲ. ಅವನು ಹಾಕಿದ ಕ್ರಮದಲ್ಲಿ ನಡೆದವರಿಗೆ ೧೯೮೭, ೧೯೮೯, ೧೯೯೧, ೨೦೦೧ನೆಯ ಋತುಗಳಲ್ಲಿ ರಾಷ್ಟ್ರಪ್ರಶಸ್ತಿ ದೊರೆಯಿತು. ಕಳಂಕವೂ ತಗಲಿತು: ಬಡ ವಿದ್ಯಾರ್ಥಿಗಳಿಗೆಂದು ಕೇಂದ್ರಸರ್ಕಾರವು ಕೊಡುವ ಸಹಾಯಧನಕ್ಕೆ ಆಟಗಾರರ ಹೆಸರಿನಲ್ಲಿ ಸುಳ್ಳು ಅರ್ಜಿಗಳು ಹೋದುದು ಹೊರಬಿದ್ದು, ಇತರ ದೋಷಗಳೂ ಸೇರಿ, ೧೯೯೫ರ ಡಿಸೆಂಬರಿನಲ್ಲಿ ರಾಷ್ಟ್ರಸಂಘವು ವಿದ್ಯಾರ್ಥಿವೇತನಗಳನ್ನು ಕಡಮೆಮಾಡಿ ದಂಡಿಸಿತು.

ಲಿಬರ್ಟಿ ಸಿಟಿಯಲ್ಲಿ ಬೆಳೆದು, ೧೯೮೭ರ ಪಂಗಡದಲ್ಲಿ ಆಡಿದ್ದ ರ್ಯಾಂಡಿ ಶ್ಯಾನನ್ ೨೦೦೬ರ ಡಿಸೆಂಬರಿನಲ್ಲಿ ಮುಖ್ಯ ಶಿಕ್ಷಕನಾದನು. ಆ ಪೀಠವನ್ನೇರಿದ ಮೊದಲ ಕೃಷ್ಣವರ್ಣೀಯನು ಅವನು. ೨೦೦೮ರಲ್ಲಿ ನಾರ್ತ್‌ವೆಸ್ಟರ್ನ್ ಎಂಬ ಒಂದೇ ಶಾಲೆಯಿಂದ ಎಂಟು ಮಂದಿಯನ್ನು ಅವನು ಸೇರಿಸಿಕೊಂಡನು. ಸಾಮೀಪ್ಯವೊಂದೇ ಜಯಕ್ಕೆ ಕಾರಣವಾಗಿದ್ದರೆ ಆಗ ಪ್ರಶಸ್ತಿಗಳು ಬರಬೇಕಾಗಿತ್ತು; ಬರಲಿಲ್ಲ, ೨೦೧೦ರಲ್ಲಿ ಅವನು ಪೀಠವನ್ನು ಕಳೆದುಕೊಂಡನು. ಅಷ್ಟರಲ್ಲಿ ಬೇಲಿಯೂ ಮುರಿದಿತ್ತು. ಅದೇ ನಾರ್ತ್‌ವೆಸ್ಟರ್ನ್ ಶಾಲೆಯ ಟೆಡ್ಡಿ ಬ್ರಿಜ್‌ವಾಟರ್ ೨೦೧೧ರಲ್ಲಿ ಲೂಯಿವಿಲ್‌ಗೂ, ಅಮಾರಿ ಕೂಪರ್ ೨೦೧೨ರಲ್ಲಿ ಅಲಬಾಮಕ್ಕೂ ಹೋದರು. ಲೂಯಿವಿಲ್ ಷ್ನೆಲೆನ್‌ಬರ್ಗರನು ಬೆಳೆದ ಊರು, ಅಲಬಾಮ ಅವನು ಈ ವಿದ್ಯೆಯಲ್ಲಿ ಪಳಗಿದ ಸಂಸ್ಥೆ. ಅವನು ಕಲಿಸಿದ ಪಾಠವನ್ನು ಊರವರಿಗಿಂತ ಹೊರಗಿನವರು ಚೆನ್ನಾಗಿ ಕಲಿತಿದ್ದರು. ೨೦೨೧ರಿಂದ ಆಟಗಾರರು ತಮ್ಮ ಹೆಸರಿನ ಬೆಲೆಯನ್ನು ತಾವೇ ಪಡೆಯಬಹುದಾಗಿದೆ; ೨೦೨೫ರ ಜುಲೈಯಿಂದ ವಿಶ್ವವಿದ್ಯಾನಿಲಯಗಳೇ ನೇರವಾಗಿ ಹಣ ಕೊಡಬಹುದಾಗಿದೆ. ಹೀಗಾದ ಮೇಲೆ ಹತ್ತಿರ ದೂರಗಳ ಲೆಕ್ಕವು ಇನ್ನಷ್ಟು ಬದಲಾಗಿದೆ.

ಈ ವೃತ್ತಾಂತದಿಂದ ಸಿದ್ಧವಾಗುವುದು ಇಷ್ಟು. ವಿದ್ಯಾಪೀಠಕ್ಕೂ ಅದರ ನೆರೆಯ ನಗರಕ್ಕೂ ಇರುವ ಅಂತರವನ್ನು ಮೈಲಿಗಳಿಂದ ಅಳೆಯತಕ್ಕುದಲ್ಲ. ಯಾರ ಮನೆಯ ಬಾಗಿಲಿಗೆ ಯಾರು ಹೋದರು, ಎಷ್ಟು ಕಾಲದ ಮೇಲೆ ಹೋದರು, ಏನನ್ನು ಕೇಳುವುದಕ್ಕೆ ಹೋದರು ಎಂಬುದರಿಂದ ಅಳೆಯತಕ್ಕುದು. ಮಯಾಮಿ ವಿಶ್ವವಿದ್ಯಾನಿಲಯವು ನೆರೆಯ ಕೇರಿಗಳಿಗೆ ಮೊದಲು ಕ್ರಮವಾಗಿ ಹೋದುದು ವೇಗವಾಗಿ ಓಡುವ ಹುಡುಗರನ್ನು ಕೇಳುವುದಕ್ಕಾಗಿ. ಓಡಲಾರದ, ಆದರೆ ಓದಬಲ್ಲ ಹುಡುಗನ ಮನೆಗೆ ಅದೇ ಶ್ರದ್ಧೆಯಿಂದ ಯಾರು ಹೋದರೆಂಬ ಪ್ರಶ್ನೆಯು, ಎಲ್ಲ ದೇಶಗಳ ವಿದ್ಯಾಪೀಠಗಳಿಗೂ ಸಮಾನವಾದುದು.